ಹೆಸರೋ, ಪೇಟೆಂಟೋ, ಗುಟ್ಟೋ: ಸಣ್ಣ ಉದ್ಯಮಿ ಮೊದಲು ಯಾವುದಕ್ಕೆ ಬೇಲಿ ಹಾಕಬೇಕು?

ಮಡಚಿ ಚೀಲದಲ್ಲಿ ಇಟ್ಟುಕೊಳ್ಳಬಹುದಾದ ಒಂದು ಲ್ಯಾಪ್‌ಟಾಪ್ ಸ್ಟ್ಯಾಂಡ್. ಅದರ ಜೀವವೆಲ್ಲ ಇರುವುದು ಹೆಬ್ಬೆರಳಿನ ಗಾತ್ರದ ಒಂದು ಕೀಲಿನಲ್ಲಿ. ಒತ್ತಿದರೆ ಬಿಗಿಯುತ್ತದೆ, ಎತ್ತಿದರೆ ಸಡಿಲವಾಗುತ್ತದೆ. ಸ್ಪ್ರಿಂಗ್ ಇಲ್ಲ, ಸ್ಕ್ರೂ ಇಲ್ಲ. ಅದನ್ನು ತಯಾರಿಸಿದ ಪರಿಚಯದವರೊಬ್ಬರು ನನ್ನ ಮೇಜಿನ ಮೇಲೆ ಅದನ್ನಿಟ್ಟು ಕೇಳಿದರು: "ಕೈಯಲ್ಲಿರುವ ದುಡ್ಡು ಯಾವುದಾದರೂ ಒಂದಕ್ಕೆ ಸಾಲುತ್ತದೆ. ಪೇಟೆಂಟ್ ಮಾಡಿಸಲೋ, ಹೆಸರನ್ನು ನೋಂದಾಯಿಸಲೋ?" ಇದನ್ನು ಈಗಾಗಲೇ ಯಾರಿಗಾದರೂ ತೋರಿಸಿದ್ದೀರಾ ಎಂದು ನಾನು ಕೇಳಿದೆ. ಅವರು ಹೆಮ್ಮೆಯಿಂದ ಮೊಬೈಲ್ ತೆಗೆದು, ಮೂರು ತಿಂಗಳ ಹಿಂದೆ ಅಂತರಜಾಲಕ್ಕೆ ಹಾಕಿದ್ದ ವೀಡಿಯೊ ತೋರಿಸಿದರು. ಕೀಲನ್ನು ಬಿಚ್ಚಿ, ತೀರಾ ಹತ್ತಿರದಿಂದ ಹಿಡಿದು, ಎರಡು ನಿಮಿಷ.

ಆ ಎರಡು ನಿಮಿಷಕ್ಕೆ ಹಲವು ದೇಶಗಳ ಪೇಟೆಂಟ್ ಕೈತಪ್ಪಿತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ. ಇದೇ ಪ್ರಶ್ನೆಯನ್ನು ಕೇಳುವವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಪೇಟೆಂಟ್ (ಆವಿಷ್ಕಾರದ ಮೇಲಿನ ಹಕ್ಕು), ಟ್ರೇಡ್‌ಮಾರ್ಕ್ (ಸರಕಿನ ಹೆಸರು, ಗುರುತಿನ ಮೇಲಿನ ಹಕ್ಕು), ವಿನ್ಯಾಸ ನೋಂದಣಿ (ರೂಪದ ಮೇಲಿನ ಹಕ್ಕು) ಎಲ್ಲವೂ ಒಂದೇ ಸರಕಿನ ಬೇರೆ ಬೇರೆ ಬೆಲೆಯ ಮಾದರಿಗಳು ಎಂದುಕೊಂಡಿರುತ್ತಾರೆ. ಹಾಗಲ್ಲ. ಒಂದು ಬಾಗಿಲಿಗೆ ಹಾಕುವ ಬೀಗ, ಇನ್ನೊಂದು ಹೊಲಕ್ಕೆ ಹಾಕುವ ಬೇಲಿ.

ಯಾವುದರಿಂದ ಅಳೆಯುವುದು

ಆಯ್ಕೆಗೆ ಮೊದಲು ಐದು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆದುಕೊಳ್ಳಿ. ನಿಮ್ಮ ಸರಕನ್ನು ನಕಲು ಮಾಡುವವನು ನಿಜಕ್ಕೂ ಏನನ್ನು ಎತ್ತಿಕೊಂಡು ಹೋಗುತ್ತಾನೆ: ಹೆಸರನ್ನೇ, ರೂಪವನ್ನೇ, ಅದು ಕೆಲಸ ಮಾಡುವ ಬಗೆಯನ್ನೇ, ಇಲ್ಲವೇ ತಯಾರಿಸುವ ವಿಧಾನವನ್ನೇ? ಒಂದನ್ನು ಕೊಂಡು ಬಿಚ್ಚಿ ನೋಡಿದರೆ ಅವನಿಗೆ ಗುಟ್ಟು ತಿಳಿದುಬಿಡುತ್ತದೆಯೇ? ಈ ಸರಕು ಮಾರುಕಟ್ಟೆಯಲ್ಲಿ ಎರಡು ವರ್ಷ ಓಡುತ್ತದೋ, ಇಪ್ಪತ್ತು ವರ್ಷವೋ? ಹಕ್ಕನ್ನು ಪಡೆಯಲು, ಉಳಿಸಿಕೊಳ್ಳಲು, ಅದಕ್ಕಾಗಿ ಹೊಡೆದಾಡಲು ನಿಮ್ಮಲ್ಲಿ ಎಷ್ಟು ಹಣವಿದೆ? ಕೊನೆಯದಾಗಿ, ಆದಾಯ ಯಾವ ದಾರಿಯಲ್ಲಿ ಬರಬೇಕು: ನೀವೇ ಮಾಡಿ ಮಾರುತ್ತೀರೋ, ಹಣ ಪಡೆದು ಬಳಸಿಕೊಳ್ಳಲು ಇನ್ನೊಬ್ಬರಿಗೆ ಲೈಸೆನ್ಸ್ ಕೊಡುತ್ತೀರೋ, ಒಮ್ಮೆಗೇ ಮಾರಿ ಕೈತೊಳೆದುಕೊಳ್ಳುತ್ತೀರೋ?

ನಾಲ್ಕನೆಯ ಪ್ರಶ್ನೆಯಲ್ಲಿ "ಹೊಡೆದಾಡಲು" ಎಂಬ ಪದವನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ಹಕ್ಕುಪತ್ರ ಕೊಡುವ ಕಚೇರಿ ನಿಮ್ಮ ಪರವಾಗಿ ಕಾವಲು ಕಾಯುವುದಿಲ್ಲ. ನಕಲು ಹಿಡಿಯುವುದು, ನೋಟಿಸ್ ಕಳಿಸುವುದು, ಕೋರ್ಟಿಗೆ ಹೋಗುವುದು ಎಲ್ಲವೂ ನಿಮ್ಮದೇ ಖರ್ಚು. ನಿಂತು ನಿಂತು ಒರೆಸುವ ಕಾರಿನ ವೈಪರ್ ಕಂಡುಹಿಡಿದ ಅಮೆರಿಕದ ರಾಬರ್ಟ್ ಕರ್ನ್ಸ್ ಹತ್ತಿರ ಪೇಟೆಂಟ್ ಇತ್ತು. ಆತ ಫೋರ್ಡ್ ಕಂಪನಿಯ ಮೇಲೆ ದಾವೆ ಹೂಡಿದ್ದು 1978ರಲ್ಲಿ. 1.02 ಕೋಟಿ ಡಾಲರಿಗೆ ಅದು ಇತ್ಯರ್ಥವಾದದ್ದು 1990ರಲ್ಲಿ. ಗೆದ್ದರು, ನಿಜ. ಆದರೆ ಹನ್ನೆರಡು ವರ್ಷ ಕಾಯುವ ಸಣ್ಣ ಉದ್ಯಮ ಎಷ್ಟಿರುತ್ತದೆ?

ಹೆಸರು

ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ: ಹತ್ತರಲ್ಲಿ ಎಂಟು ಸಣ್ಣ ಉದ್ಯಮಗಳು ಮೊದಲು ಕಾಸು ಹಾಕಬೇಕಾದದ್ದು ಟ್ರೇಡ್‌ಮಾರ್ಕ್‌ಗೆ. ಖರ್ಚು ಕಡಿಮೆ, ಆಯಸ್ಸು ಹೆಚ್ಚು. ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋದರೆ ಅದಕ್ಕೆ ಕೊನೆಯೇ ಇಲ್ಲ. ಬ್ರಿಟನ್ನಿನಲ್ಲಿ 1876ರಲ್ಲಿ ಮೊದಲ ಸಂಖ್ಯೆಯಲ್ಲಿ ನೋಂದಣಿಯಾದ, ಬಿಯರ್ ತಯಾರಿಸುವ ಬಾಸ್ ಕಂಪನಿಯ ಕೆಂಪು ತ್ರಿಕೋನದ ಗುರುತು ನೂರು ವರ್ಷಕ್ಕೂ ಮೀರಿ ಬಾಳಿದೆ. ಯಾವ ಪೇಟೆಂಟಿಗೂ ಆ ಭಾಗ್ಯವಿಲ್ಲ.

ಆದರೆ ಎಲ್ಲ ಹೆಸರುಗಳೂ ಹಕ್ಕಾಗುವುದಿಲ್ಲ. ನನ್ನ ಪರಿಚಯದವರು ಮೊದಲು ಆರಿಸಿಕೊಂಡಿದ್ದ ಹೆಸರಿನ ಅರ್ಥ ಹೆಚ್ಚುಕಡಿಮೆ "ಮಡಚುವ ಸ್ಟ್ಯಾಂಡ್" ಎಂದೇ ಆಗಿತ್ತು. ಸರಕು ಏನೆಂದು ನೇರವಾಗಿ ಹೇಳುವ ಪದ ಎಲ್ಲರ ಸೊತ್ತು. ಅದನ್ನು ಒಬ್ಬರಿಗೆ ಬರೆದುಕೊಡಲು ನೋಂದಣಿ ಕಚೇರಿ ಒಪ್ಪುವುದಿಲ್ಲ. ಜಾಹೀರಾತಿನವರು ಇಂಥ ಹೆಸರುಗಳನ್ನೇ ಇಷ್ಟಪಡುತ್ತಾರೆ, ವಕೀಲರು ಇವುಗಳನ್ನೇ ಕಂಡು ನಿಟ್ಟುಸಿರು ಬಿಡುತ್ತಾರೆ. ಅರ್ಥವೇ ಇಲ್ಲದ ಪದ ಎಲ್ಲಕ್ಕಿಂತ ಗಟ್ಟಿ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಹುಟ್ಟಿಸಿದ "ಕೊಡಾಕ್" ಅಂಥದ್ದು. ಅರ್ಥವಿದ್ದರೂ ಸರಕಿಗೆ ಸಂಬಂಧವಿಲ್ಲದ ಪದವೂ ಗಟ್ಟಿಯೇ. ಕಂಪ್ಯೂಟರಿಗೆ "ಆ್ಯಪಲ್" ಎಂದು ಹೆಸರಿಟ್ಟ ಹಾಗೆ.

ಇಲ್ಲಿ ಮೂರು ಕಡೆ ಕಾಲು ಜಾರುತ್ತದೆ. ಕಂಪನಿಯ ಹೆಸರನ್ನು ನೋಂದಾಯಿಸಿದ್ದೇನೆ, ಜಾಲತಾಣದ ವಿಳಾಸ ಕೊಂಡಿದ್ದೇನೆ, ಆದ್ದರಿಂದ ಹೆಸರು ನನ್ನದೇ ಎಂಬ ಭ್ರಮೆ ಮೊದಲನೆಯದು. ಆ ಎರಡೂ ಟ್ರೇಡ್‌ಮಾರ್ಕ್ ಅಲ್ಲ. ಎರಡನೆಯದು ವರ್ಗ, ಅಂದರೆ ಯಾವ ಬಗೆಯ ಸರಕಿಗೆ ಆ ಹೆಸರು ಎಂಬುದು. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಒಟ್ಟು 45 ವರ್ಗಗಳಿವೆ, 34 ಸರಕಿಗೆ, 11 ಸೇವೆಗೆ. ಪ್ರತಿ ವರ್ಗಕ್ಕೂ ಶುಲ್ಕ ಬೇರೆ ಇರುವುದು ವಾಡಿಕೆ. ಎಲ್ಲವನ್ನೂ ಬಾಚಿಕೊಳ್ಳುವ ಆಸೆ ಬೇಡ. ಬಳಸದ ಗುರುತನ್ನು ಮೂರರಿಂದ ಐದು ವರ್ಷದ ನಂತರ ರದ್ದು ಮಾಡಿಸಲು ಬಹುತೇಕ ದೇಶಗಳಲ್ಲಿ ಅವಕಾಶವಿದೆ. ಮೂರನೆಯದು ದೇಶ. ಕೆಲವೆಡೆ ಮೊದಲು ಬಳಸಿದವರಿಗೆ ಒಂದಿಷ್ಟು ಹಕ್ಕು ಸಿಗುತ್ತದೆ. ಚೀನಾದಂಥ ಕಡೆ ಮೊದಲು ಅರ್ಜಿ ಹಾಕಿದವನದೇ ಮೇಲುಗೈ. ಅಲ್ಲಿ ಸರಕು ತಯಾರಿಸಿಕೊಳ್ಳುವವರು ಅಲ್ಲಿ ಮಾರದಿದ್ದರೂ ಹೆಸರನ್ನು ಅಲ್ಲಿಯೂ ನೋಂದಾಯಿಸುವುದು ಜಾಣತನ.

ಹಲವು ದೇಶಗಳಿಗೆ ಒಂದೇ ಅರ್ಜಿ ಸಾಕೆನ್ನುವ ಮ್ಯಾಡ್ರಿಡ್ ವ್ಯವಸ್ಥೆ ಅಗ್ಗವೂ ಹೌದು, ಸಲೀಸೂ ಹೌದು. ಅದರಲ್ಲೊಂದು ಕೊಂಡಿ ಇದೆ: ಮೊದಲ ಐದು ವರ್ಷಗಳಲ್ಲಿ ತವರಿನ ನೋಂದಣಿ ಬಿದ್ದುಹೋದರೆ ಅದರ ಮೇಲೆ ನಿಂತ ವಿದೇಶಿ ನೋಂದಣಿಗಳೂ ಬೀಳುತ್ತವೆ.

ಹೆಸರು ತೀರಾ ಗೆದ್ದರೂ ಕಷ್ಟ. ಆಸ್ಪಿರಿನ್, ಎಸ್ಕಲೇಟರ್ ಎರಡೂ ಒಂದು ಕಾಲಕ್ಕೆ ಟ್ರೇಡ್‌ಮಾರ್ಕ್ ಆಗಿದ್ದವು. ಜನ ಅವನ್ನು ಸರಕಿನ ಹೆಸರಾಗಿಯೇ ಆಡತೊಡಗಿದ್ದರಿಂದ ಅಮೆರಿಕದಲ್ಲಿ ಮೊದಲನೆಯದು 1921ರಲ್ಲಿ, ಎರಡನೆಯದು 1950ರಲ್ಲಿ ಒಡೆಯರ ಕೈಬಿಟ್ಟವು. ಸಣ್ಣ ಉದ್ಯಮಕ್ಕೆ ಇದು ಬಂದರೆ ಬರಲಿ ಎನ್ನುವಂಥ ಕಷ್ಟ ಬಿಡಿ.

ಪೇಟೆಂಟ್

ಪೇಟೆಂಟ್ ಒಂದು ಕೊಡುಕೊಳ್ಳುವಿಕೆ. ನಿಮ್ಮ ಆವಿಷ್ಕಾರ ಹೇಗೆ ಕೆಲಸ ಮಾಡುತ್ತದೆಂದು ಲೋಕಕ್ಕೆಲ್ಲ ತಿಳಿಯುವಂತೆ ಬರೆದುಕೊಡುತ್ತೀರಿ. ಬದಲಿಗೆ ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆಯವರು ಅದನ್ನು ಮಾಡದಂತೆ ತಡೆಯುವ ಹಕ್ಕು ಸಿಗುತ್ತದೆ. ಅರ್ಜಿ ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟವಾಗುತ್ತದೆ. ಪೇಟೆಂಟ್ ಸಿಗಲಿ, ಸಿಗದಿರಲಿ, ಆ ಹೊತ್ತಿಗೆ ಗುಟ್ಟು ಬಯಲು.

ಅದಕ್ಕೆ ಬೇಕಾದ ಮೊದಲ ಅರ್ಹತೆ ಹೊಸತನ. ಅರ್ಜಿ ಹಾಕುವ ಮುನ್ನ ನೀವೇ ತೋರಿಸಿದರೂ ಹೊಸತನ ಹೋಗುತ್ತದೆ. ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಹೀಗೆ ತಾವೇ ಬಯಲು ಮಾಡಿದವರಿಗೆ 12 ತಿಂಗಳ ರಿಯಾಯಿತಿ ಕೊಡುತ್ತವೆ. ಯುರೋಪ್ ಹೆಚ್ಚುಕಡಿಮೆ ಕೊಡುವುದೇ ಇಲ್ಲ. ಸ್ಟ್ಯಾಂಡಿನ ವೀಡಿಯೊ ಮಾಡಿದ ಹಾನಿ ಇದೇ. ತೋರಿಸಲೇಬೇಕಾದರೆ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ತೋರಿಸಿ. ಇಲ್ಲವೇ ಕೀಲನ್ನು ಮುಚ್ಚಿ, ಸ್ಟ್ಯಾಂಡನ್ನು ಮಾತ್ರ ತೋರಿಸಿ.

ಜಗತ್ತಿಗೆಲ್ಲ ಸಲ್ಲುವ ಪೇಟೆಂಟ್ ಎಂಬುದೊಂದು ಇಲ್ಲ. ಒಂದು ದೇಶದಲ್ಲಿ ಅರ್ಜಿ ಹಾಕಿದರೆ, 1883ರ ಪ್ಯಾರಿಸ್ ಒಪ್ಪಂದದ ಪ್ರಕಾರ, ಅದೇ ದಿನಾಂಕವನ್ನು ಹಿಡಿದುಕೊಂಡು ಬೇರೆ ದೇಶಗಳಲ್ಲಿ ಅರ್ಜಿ ಹಾಕಲು 12 ತಿಂಗಳ ಗಡುವು ಇರುತ್ತದೆ. ಟ್ರೇಡ್‌ಮಾರ್ಕಿಗೆ, ವಿನ್ಯಾಸಕ್ಕೆ ಆರು ತಿಂಗಳು. ಪಿಸಿಟಿ ಎಂಬ ಅಂತರರಾಷ್ಟ್ರೀಯ ಅರ್ಜಿಯ ದಾರಿ ಹಿಡಿದರೆ ದೇಶಗಳನ್ನು ಆರಿಸಿಕೊಳ್ಳಲು ಮೊದಲ ದಿನಾಂಕದಿಂದ ಸುಮಾರು 30 ತಿಂಗಳು ಸಿಗುತ್ತದೆ. ಅದರಿಂದ ಕೊಳ್ಳುವುದು ಕಾಲಾವಕಾಶವನ್ನೇ ಹೊರತು ಪೇಟೆಂಟನ್ನಲ್ಲ. ಅಸಲು ಖರ್ಚು ಶುರುವಾಗುವುದು ಆಮೇಲೆ: ದೇಶದೇಶಕ್ಕೂ ವಕೀಲರು, ಭಾಷಾಂತರ, ವರ್ಷ ಕಳೆದಂತೆ ಏರುತ್ತಾ ಹೋಗುವ ನವೀಕರಣ ಶುಲ್ಕ.

ಗಡುವು ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಎರ್ನೋ ರುಬಿಕ್ ಅವರ ಬಣ್ಣದ ಘನವೇ ಸಾಕ್ಷಿ. 1975ರ ಜನವರಿಯಲ್ಲಿ ಅವರು ಹಂಗೇರಿಯಲ್ಲಿ ಅರ್ಜಿ ಹಾಕಿದರು, ಅಲ್ಲಿ ಪೇಟೆಂಟೂ ಸಿಕ್ಕಿತು. ಹೊರದೇಶಗಳ ಅರ್ಜಿಗೆ ಇದ್ದ ಒಂದು ವರ್ಷ ಹಾಗೇ ಕಳೆಯಿತು. ಮುಂದೆ ಐಡಿಯಲ್ ಟಾಯ್ ಎಂಬ ಅಮೆರಿಕದ ಕಂಪನಿ ಅದನ್ನು ಮಾರಲು ಬಂದಾಗ, ಹಿಡಿದುಕೊಳ್ಳಲು ಒಂದು ಹೆಸರಾದರೂ ಇರಲಿ ಎಂದು "ಮಾಯಾ ಘನ"ವನ್ನು 1980ರಲ್ಲಿ "ರುಬಿಕ್ಸ್ ಕ್ಯೂಬ್" ಮಾಡಿತು. ಘನದ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡಿಕೊಂಡದ್ದೂ ಯುರೋಪಿನಲ್ಲಿ ಉಳಿಯಲಿಲ್ಲ. ತಿರುಗುವ ಗುಣ ತಾಂತ್ರಿಕ ವಿಷಯ, ಅದನ್ನು ಕಾಯುವ ದಾರಿ ಪೇಟೆಂಟ್, ಟ್ರೇಡ್‌ಮಾರ್ಕಿನ ಹೆಸರಿನಲ್ಲಿ ಅದನ್ನು ಶಾಶ್ವತ ಮಾಡಿಕೊಳ್ಳುವಂತಿಲ್ಲ ಎಂಬ ಧಾಟಿಯಲ್ಲಿ 2016ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು. ಪೇಟೆಂಟ್ ತಪ್ಪಿತು, ಆಕಾರ ತಪ್ಪಿತು, ಉಳಿದದ್ದು ಮುಖ್ಯವಾಗಿ ಹೆಸರು. 2020ರಲ್ಲಿ ಸ್ಪಿನ್ ಮಾಸ್ಟರ್ ಕಂಪನಿ ಆ ಬ್ರ್ಯಾಂಡನ್ನು ಕೊಳ್ಳಲು ಒಪ್ಪಿಕೊಂಡ ಬೆಲೆ ಸುಮಾರು ಐದು ಕೋಟಿ ಡಾಲರ್.

ಹಾಗೆಂದು ಪೇಟೆಂಟ್ ಬೇಡವೆಂದಲ್ಲ. ನೀವೇ ತಯಾರಿಸುವ ಶಕ್ತಿಯಿಲ್ಲದೆ ದೊಡ್ಡ ತಯಾರಕರ ಬಾಗಿಲು ತಟ್ಟುವವರಾದರೆ ನನ್ನ ಮೇಲಿನ ಪಕ್ಷಪಾತ ತಲೆಕೆಳಗಾಗುತ್ತದೆ. ಆಗ ಮೊದಲ ಅರ್ಜಿಯೇ ಪೇಟೆಂಟಿನದು. ಅದಿಲ್ಲದಿದ್ದರೆ ಅವರಿಗೆ ಕೊಡಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಜರ್ಮನಿ, ಜಪಾನ್, ಚೀನಾಗಳಲ್ಲಿ ಪೇಟೆಂಟಿನ ತಮ್ಮನಂಥ ಇನ್ನೊಂದು ಹಕ್ಕಿದೆ, ಯುಟಿಲಿಟಿ ಮಾಡೆಲ್. ಆಯಸ್ಸು ಹತ್ತು ವರ್ಷ, ಆಳವಾದ ಪರೀಕ್ಷೆಯಿಲ್ಲದೆ ಬೇಗ ಸಿಗುತ್ತದೆ. ನಮ್ಮ ಕೀಲಿನಂಥ ಸಣ್ಣ ಸುಧಾರಣೆಗಳಿಗೆ ಹೇಳಿ ಮಾಡಿಸಿದಂತಿದೆ. ಆದರೆ ಅಮೆರಿಕ, ಬ್ರಿಟನ್ ಮುಂತಾದ ಕಡೆ ಈ ವ್ಯವಸ್ಥೆಯೇ ಇಲ್ಲ. ಪರೀಕ್ಷೆಯಿಲ್ಲದೆ ಸಿಕ್ಕಿದ್ದು ಕೋರ್ಟಿನ ಪರೀಕ್ಷೆಯಲ್ಲಿ ನಿಲ್ಲುತ್ತದೆಂಬ ಭರವಸೆಯೂ ಇಲ್ಲ.

ರೂಪ

ಗ್ರಾಹಕರು ಕಣ್ಣಿನಿಂದ ಆರಿಸುವ ಸರಕಾದರೆ ವಿನ್ಯಾಸ ನೋಂದಣಿ ನೋಡಿ. ಪೇಟೆಂಟಿಗಿಂತ ಬಹಳ ಅಗ್ಗ, ವೇಗವೂ ಹೆಚ್ಚು. ಯುರೋಪ್ ಒಕ್ಕೂಟದಲ್ಲಿ ಐದೈದು ವರ್ಷ ನವೀಕರಿಸುತ್ತಾ 25 ವರ್ಷ, ಅಮೆರಿಕದಲ್ಲಿ 15 ವರ್ಷ ಸಿಗುತ್ತದೆ. ಇದು ಕಾಯುವುದು ನೋಟವನ್ನು ಮಾತ್ರ, ಕೆಲಸವನ್ನಲ್ಲ. ನಕಲು ಮಾಡುವವನು ಕೀಲನ್ನು ಹಾಗೇ ಇಟ್ಟು ಹೊರಮೈ ಬದಲಿಸಿದರೆ ಕೈಕಟ್ಟಿ ಕೂರಬೇಕು.

ಇಲ್ಲಿ ಜಗಳವೆಲ್ಲ ನೀವು ಸಲ್ಲಿಸುವ ಚಿತ್ರದ ಮೇಲೆ. ಮಕ್ಕಳು ಮೇಲೆ ಕೂತು ಸವಾರಿ ಮಾಡುವ ಟ್ರಂಕಿ ಸೂಟ್‌ಕೇಸನ್ನು ರೂಪಿಸಿದ ಸಂಸ್ಥೆ ನೋಂದಣಿಗೆ ಕೊಟ್ಟದ್ದು ನೆರಳು ತುಂಬಿದ, ಕಂಪ್ಯೂಟರಿನಲ್ಲಿ ಬರೆದ ಬೂದು ಚಿತ್ರಗಳನ್ನು. ಅದರಲ್ಲಿ ಮೈ ಒಂದು ಛಾಯೆ, ಚಕ್ರ ಮತ್ತು ಪಟ್ಟಿ ಇನ್ನೊಂದು ಛಾಯೆ. ಅಗ್ಗದ ಪ್ರತಿಸ್ಪರ್ಧಿಯ ಮೇಲೆ ಹೂಡಿದ ದಾವೆ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ 2016ರಲ್ಲಿ ಸೋತಿತು. ಆ ಚಿತ್ರಗಳಲ್ಲಿದ್ದ ಛಾಯೆಯ ವ್ಯತ್ಯಾಸವನ್ನು ನ್ಯಾಯಾಲಯ ವಿನ್ಯಾಸದ ಭಾಗವೆಂದೇ ಓದಿತು. ಬರೀ ರೇಖಾಚಿತ್ರ ಕೊಟ್ಟಿದ್ದರೆ ಹಕ್ಕು ಇನ್ನಷ್ಟು ಅಗಲವಾಗುತ್ತಿತ್ತು. ಎಷ್ಟು ಕಡಿಮೆ ಬರೆಯುತ್ತೀರೋ ಅಷ್ಟು ಹೆಚ್ಚು ಸಿಗುವ ಅರ್ಜಿ ಇದೊಂದೇ ಇರಬೇಕು.

ಗುಟ್ಟು

ಬಿಚ್ಚಿ ನೋಡಿದರೂ ತಿಳಿಯದ ವಿದ್ಯೆ ನಿಮ್ಮಲ್ಲಿದ್ದರೆ, ಉದಾಹರಣೆಗೆ ಮಿಶ್ರಣದ ಪ್ರಮಾಣ, ಯಂತ್ರದ ಹೊಂದಾಣಿಕೆ, ಬೆಲೆ ಕಟ್ಟುವ ಲೆಕ್ಕ, ಅದನ್ನು ಗುಟ್ಟಾಗಿಯೇ ಇಡಿ. ಅರ್ಜಿಯಿಲ್ಲ, ಶುಲ್ಕವಿಲ್ಲ, 20 ವರ್ಷದ ಮಿತಿಯಿಲ್ಲ. 1953ರಲ್ಲಿ ಹುಟ್ಟಿದ ಡಬ್ಲ್ಯುಡಿ-40 ಎಂಬ ತುಕ್ಕುನಿವಾರಕದ ಸೂತ್ರಕ್ಕೆ ಅದರ ಒಡೆಯರು ಪೇಟೆಂಟ್ ಪಡೆಯದೆ ಉಳಿದದ್ದು ಸೂತ್ರ ಬಯಲಾಗದಿರಲಿ ಎಂದೇ.

ಕಾನೂನು ಗುಟ್ಟನ್ನು ಕಾಯುವುದು ನೀವು ಕಾದರೆ ಮಾತ್ರ. ಯಾರ್ಯಾರಿಗೆ ಗೊತ್ತು ಎಂಬ ಪಟ್ಟಿ, ಅವರ ಸಹಿಯಿರುವ ಒಪ್ಪಂದ, ಬೀಗ ಅಥವಾ ಪಾಸ್‌ವರ್ಡ್ ಇದ್ದ ದಾಖಲೆ, ಇಷ್ಟಾದರೂ ಇರಬೇಕು. ಎಲ್ಲ ನೌಕರರೂ ತೆರೆಯಬಹುದಾದ ಕಡತದಲ್ಲಿ ಸೂತ್ರವನ್ನಿಟ್ಟು ಕದ್ದರು ಎಂದು ಗೋಳಾಡಿದರೆ ನ್ಯಾಯಾಧೀಶರು ಕರಗುವುದಿಲ್ಲ. ಬೇರೆಯವರು ತಾವಾಗಿಯೇ ಕಂಡುಕೊಂಡರೆ, ಅಥವಾ ನಿಮ್ಮ ಸರಕನ್ನು ಕೊಂಡು ಬಿಚ್ಚಿ ಅರಿತುಕೊಂಡರೆ, ಸಾಮಾನ್ಯವಾಗಿ ಅದು ಕಳ್ಳತನವಲ್ಲ. ನಮ್ಮ ಕೀಲಿಗೆ ಈ ದಾರಿ ಮುಚ್ಚಿತ್ತು. ಬಿಚ್ಚಿ ನೋಡುವ ಯಾರಿಗಾದರೂ ಹತ್ತು ನಿಮಿಷದ ಕೆಲಸ.

ಇನ್ನೊಂದು ಆಯ್ಕೆಯೂ ಇದೆ, ಅದನ್ನು ಯಾರೂ ಆಯ್ಕೆ ಎಂದು ಎಣಿಸುವುದಿಲ್ಲ: ಏನೂ ಮಾಡದಿರುವುದು, ಇಲ್ಲವೇ ಬೇಕೆಂದೇ ಪ್ರಕಟಿಸಿಬಿಡುವುದು. ಪ್ರಕಟಿಸಿದ್ದನ್ನು ಆಮೇಲೆ ಬೇರೆ ಯಾರೂ ಹೊಸದೆಂದು ಪೇಟೆಂಟ್ ಮಾಡಿಸುವಂತಿಲ್ಲ. ಎರಡೇ ವರ್ಷ ಓಡುವ ಸರಕಿಗೆ, ಪೇಟೆಂಟ್ ಕೈಗೆ ಬರುವಷ್ಟರಲ್ಲಿ ಹಳೆಯದಾಗುವ ಸರಕಿಗೆ, ಇದು ಸೋಮಾರಿತನವಲ್ಲ, ಲೆಕ್ಕಾಚಾರ. ಆದರೆ ಬೇರೆಯವರು ಮಾಡಿ ಹಣ ಗಳಿಸುವುದನ್ನು ನೋಡಿಕೊಂಡಿರುವ ಗಟ್ಟಿ ಮನಸ್ಸು ಬೇಕು. ಹಿನ್ನೆಲೆ ಸಂಗೀತಕ್ಕೆ ದನಿಗೂಡಿಸಿ ಹಾಡುವ ಕ್ಯಾರಿಯೋಕೆ ಯಂತ್ರವನ್ನು 1971ರಲ್ಲಿ ಮಾಡಿದ ಜಪಾನಿನ ದೈಸುಕೆ ಇನೌಯೆ ಪೇಟೆಂಟ್ ಪಡೆಯಲೇ ಇಲ್ಲ.

ದುಡ್ಡು ಯಾವ ಬಾಗಿಲಿನಿಂದ

ಹಕ್ಕು ಗೋಡೆಗೆ ತೂಗುಹಾಕುವ ಪ್ರಮಾಣಪತ್ರವಾದರೆ ಅದು ಬರೀ ಖರ್ಚು. ನೀವೇ ಮಾಡಿ ಮಾರುವುದರಲ್ಲಿ ಲಾಭದ ಪಾಲು ದೊಡ್ಡದು, ಬಂಡವಾಳವೂ ಅಪಾಯವೂ ನಿಮ್ಮದೇ. ಒಮ್ಮೆಗೇ ಮಾರುವುದು ನಿಶ್ಚಿಂತೆ, ಆದರೆ ಮುಂದೆ ಅದು ಚಿನ್ನದ ಗಣಿಯಾದರೆ ನಿಮಗೆ ಒಂದು ಕಾಸೂ ಇಲ್ಲ. ನಡುವಿನ ದಾರಿ ಲೈಸೆನ್ಸ್. ಅಲ್ಲಿ ಶೇಕಡಾ ಎಷ್ಟು ರಾಯಧನ ಎಂಬುದನ್ನೇ ಹಿಡಿದು ಚೌಕಾಸಿ ಮಾಡುವವರು ಹೆಚ್ಚು. ನಾನು ಮೊದಲು ನೋಡುವುದು ಬೇರೆ ಸಾಲುಗಳನ್ನು. ಶೇಕಡಾವಾರು ಯಾವ ಮೊತ್ತದ ಮೇಲೆ? ಮಾರಾಟವಾಗದಿದ್ದರೂ ವರ್ಷಕ್ಕಿಷ್ಟು ಎಂಬ ಕನಿಷ್ಠ ಖಾತರಿ ಇದೆಯೇ? ಅವರ ಲೆಕ್ಕಪುಸ್ತಕ ತೆರೆಸಿ ನೋಡುವ ಹಕ್ಕು ಇದೆಯೇ? ಸರಕನ್ನು ಮಾಡದೆ ಮೂಲೆಗೆ ಹಾಕಿದರೆ ಹಕ್ಕು ಮರಳಿ ಬರುತ್ತದೆಯೇ? ಕನಿಷ್ಠ ಖಾತರಿಯಿಲ್ಲದೆ ಒಬ್ಬರಿಗೇ ಪೂರ್ತಿ ಹಕ್ಕು ಕೊಟ್ಟರೆ, ಅವರು ನಿಮ್ಮ ಆವಿಷ್ಕಾರವನ್ನು ಕೊಂಡದ್ದಲ್ಲ, ಮಲಗಿಸಿದ್ದು. ಹೆಸರನ್ನು ಲೈಸೆನ್ಸ್ ಕೊಟ್ಟರೆ ಗುಣಮಟ್ಟದ ಮೇಲೆ ನಿಮ್ಮ ಹಿಡಿತ ಇರಲೇಬೇಕು. ಇಲ್ಲದಿದ್ದರೆ ಕೆಲವು ದೇಶಗಳಲ್ಲಿ ಹೆಸರಿನ ಹಕ್ಕೇ ಕಳೆದುಹೋಗಬಹುದು.

ಹಕ್ಕು ಯಾರ ಹೆಸರಿನಲ್ಲಿದೆ ಎಂಬುದನ್ನೂ ನೋಡಿ. ಜೇಮ್ಸ್ ಡೈಸನ್ ತಾವು ರೂಪಿಸಿದ ಚೆಂಡಿನ ಚಕ್ರದ ಕೈಗಾಡಿಯ ಪೇಟೆಂಟನ್ನು ಕಂಪನಿಯ ಹೆಸರಿಗೆ ಬರೆದುಕೊಟ್ಟಿದ್ದರು. ಪಾಲುದಾರರು ಅವರನ್ನು ಹೊರಹಾಕಿದಾಗ ಗಾಡಿಯೂ ಹೋಯಿತು. ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರಿನ ಹೊತ್ತಿಗೆ ಪಾಠ ಕಲಿತಿದ್ದರು. ಜಪಾನಿನ ಕಂಪನಿಗೆ ಲೈಸೆನ್ಸ್ ಕೊಟ್ಟು ಬಂದ ಹಣದ ಬಲದಿಂದ ಸ್ವಂತ ತಯಾರಿಕೆಗೆ ಇಳಿದರು. ನಿಮ್ಮ ಮಟ್ಟಿಗೆ ಇದು ಇನ್ನೂ ಸಣ್ಣ ಕಾಗದ: ಲೋಗೊ ಬರೆದುಕೊಟ್ಟ ಕಲಾವಿದರಿಂದ, ಹೊರಗಿನಿಂದ ಕೆಲಸ ಮಾಡಿದ ಎಂಜಿನಿಯರಿನಿಂದ, ಹಕ್ಕು ನಿಮಗೆ ಸೇರಿದ್ದೆಂಬ ಲಿಖಿತ ಪತ್ರ. ಹಣ ಕೊಟ್ಟ ಮಾತ್ರಕ್ಕೆ ಬಹಳ ಕಡೆ ಹಕ್ಕು ಬರುವುದಿಲ್ಲ.

ಜೇಬಿಗೆ ತಕ್ಕ ಹಾಗೆ

ಕೈ ತೀರಾ ಬಿಗಿಯಾಗಿದ್ದರೆ: ಹೆಸರು ಬೇರೆ ಯಾರದೂ ಅಲ್ಲವೆಂದು ಹುಡುಕಿ, ಅಕ್ಷರರೂಪದ ಹೆಸರನ್ನು ಒಂದೇ ವರ್ಗದಲ್ಲಿ, ಮಾರುವ ದೇಶದಲ್ಲಿ ಮಾತ್ರ ನೋಂದಾಯಿಸಿ. ಲೋಗೊ ಬದಲಾಗುತ್ತದೆ, ಪದ ಉಳಿಯುತ್ತದೆ. ಜೊತೆಗೆ ಮೇಲಿನ ಲಿಖಿತ ಪತ್ರಗಳು. ಸೇವೆ ಮಾರುವವರಿಗೆ ಬಹುಮಟ್ಟಿಗೆ ಇಷ್ಟೇ ಸಾಕು.

ಸ್ವಲ್ಪ ಉಸಿರಾಡುವಷ್ಟಿದ್ದರೆ ನೋಟಕ್ಕೆ ವಿನ್ಯಾಸ ನೋಂದಣಿ ಸೇರಿಸಿ. ಬಿಚ್ಚಿದರೆ ತಿಳಿಯುವ, ಹತ್ತು ವರ್ಷವಾದರೂ ಓಡುವ ಆವಿಷ್ಕಾರವಿದ್ದರೆ ಒಂದೇ ಒಂದು ದೇಶದಲ್ಲಿ ಪೇಟೆಂಟ್ ಅರ್ಜಿ ಹಾಕಿ. ಮುಂದಿನ 12 ತಿಂಗಳನ್ನು ಮಾರುಕಟ್ಟೆಯ ಪರೀಕ್ಷೆಗೆ ಬಳಸಿ. ಯಾರೂ ಕೊಳ್ಳದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಮೊದಲ ಅರ್ಜಿಯ ಬರವಣಿಗೆಗೆ ಮಾತ್ರ ಜಿಪುಣತನ ಬೇಡ, ಅದರಲ್ಲಿ ಬರೆಯದ್ದನ್ನು ಆಮೇಲೆ ತುರುಕಲಾಗದು. ಹೂಡಿಕೆದಾರರು ಬರುತ್ತಿದ್ದಾರೆ, ರಫ್ತಿನ ಯೋಚನೆಯಿದೆ ಎಂದಾದರೆ ಮಾತ್ರ ಪಿಸಿಟಿ, ಮ್ಯಾಡ್ರಿಡ್.

ಸ್ಟ್ಯಾಂಡಿನವರು ಕೊನೆಗೆ ಅರ್ಥವಿಲ್ಲದ ಎರಡು ಅಕ್ಷರಗಳ ಹೆಸರನ್ನು ನೋಂದಾಯಿಸಿದರು. ವೀಡಿಯೊದ ನಂತರ ಕೀಲಿಗೆ ಒಂದು ಸಣ್ಣ ಹಲ್ಲು ಸೇರಿಸಿದ್ದರಂತೆ, ಭಾರ ಹೆಚ್ಚಾದರೂ ಜಾರದ ಹಾಗೆ. ಅದನ್ನು ಯಾರೂ ನೋಡಿರಲಿಲ್ಲ. ಪೇಟೆಂಟ್ ವಕೀಲರ ಹತ್ತಿರ ಹೋಗಿ ಆ ಹಲ್ಲಿಗೆ ಮೊದಲ ಅರ್ಜಿ ಹಾಕಿಸಿದರು. ಹೊರಡುವಾಗ ಹಳೆಯ ವೀಡಿಯೊವನ್ನು ಅಳಿಸಿಬಿಡಲೇ ಎಂದು ಕೇಳಿದರು. ಬೇಡ, ಇರಲಿ ಎಂದೆ. ಹಲ್ಲಿಲ್ಲದ ಆ ಹಳೆಯ ಕೀಲನ್ನು ಇನ್ನು ಯಾರೂ ತಮ್ಮದೆಂದು ಪೇಟೆಂಟ್ ಮಾಡಿಸದಂತೆ ತಡೆಯಲು ದಿನಾಂಕವಿರುವ ಸಾಕ್ಷಿ ಅದೊಂದೇ.